ಆ ಹಳೆಯ ಟಿ.ವಿ.ಯನ್ನು ಗುಜರಿಗೆ ಹಾಕಬೇಡಿ

ಮನೆಯಲ್ಲಿ ಇನ್ನೂ ಪಿಕ್ಚರ್ ಟ್ಯೂಬಿನ ಟಿ.ವಿ. ಇಟ್ಟುಕೊಂಡಿರುವವರನ್ನು ಈಗ ಇಬ್ಬರು ಹುಡುಕಿಕೊಂಡು ಬರುತ್ತಾರೆ. ಒಬ್ಬ ಗುಜರಿಯವನು. ಅವನಿಗೆ ಬೇಕಾದದ್ದು ಒಳಗಿರುವ ತಾಮ್ರದ ಸುರುಳಿ. ಗಾಜನ್ನು ಒಡೆದು ಎಸೆಯುತ್ತಾನೆ. ಇನ್ನೊಬ್ಬ, ನೆರೆಮನೆಯ ಹುಡುಗನೋ ನಮ್ಮ ಅಕ್ಕನ ಮಗನೋ ಆಗಿರಬಹುದು. ಅವನಿಗೆ ಬೇಕಾದದ್ದು ಆ ಗಾಜೇ. ತನ್ನ ಹಳೆಯ ಕಂಪ್ಯೂಟರನ್ನು ಅದಕ್ಕೆ ಜೋಡಿಸಿ, ಮುಂದೆ ಒಂದು ಹಿಡಿಕೆ, ಆರು ಗುಂಡಿ ಕೂಡಿಸಿ, ಒಂದು ಕಾಲಕ್ಕೆ ಕಾಸು ಹಾಕಿ ಆಡುತ್ತಿದ್ದ ಆರ್ಕೇಡ್ ಪೆಟ್ಟಿಗೆಯ ಆಟಗಳನ್ನು ಮನೆಯಲ್ಲಿಯೇ ಆಡಬೇಕೆಂದು ಅವನ ಆಸೆ. ಈ ಇಬ್ಬರಲ್ಲಿ ನಮ್ಮ ಗೃಹಸ್ಥರು ಟಿ.ವಿ.ಯನ್ನು ಯಾರಿಗೆ ಕೊಡುತ್ತಾರೆಂದು ಕೇಳಬೇಕಾಗಿಲ್ಲ. ಗುಜರಿಯವನು ಕೈಗೆ ಒಂದಿಷ್ಟು ರೂಪಾಯಿ ಇಟ್ಟು ಹೊತ್ತುಕೊಂಡು ಹೋಗುತ್ತಾನೆ. ಹುಡುಗ ಉಪದೇಶ ಕೇಳಿಕೊಂಡು ಬರಿಗೈಯಲ್ಲಿ ಹೋಗುತ್ತಾನೆ.

ಉಪದೇಶದ ಸಾರ ಎಲ್ಲ ಮನೆಗಳಲ್ಲಿಯೂ ಒಂದೇ. "ಗೋಡೆಯ ಮೇಲೆ ಅಷ್ಟು ದೊಡ್ಡ ಹೊಸ ಟಿ.ವಿ. ಇದೆಯಲ್ಲೋ, ಅದಕ್ಕೇ ಸಿಕ್ಕಿಸಿಕೋ. ಅದೇ ಆಟ ಇನ್ನೂ ದೊಡ್ಡದಾಗಿ, ಇನ್ನೂ ಸ್ಪಷ್ಟವಾಗಿ ಕಾಣುತ್ತೆ. ಈ ಡಬ್ಬಾ ಯಾಕೆ ನಿನಗೆ?" ಕೇಳುವುದಕ್ಕೆ ವಿವೇಕದ ಮಾತೇ, ಹೇಳುವವರೂ ವಿವೇಕಿಗಳೇ. ಆದರೂ ಮಾತು ತಪ್ಪು. ದೊಡ್ಡದಾಗಿ ಕಾಣುವುದು ನಿಜ, ಸ್ಪಷ್ಟವಾಗಿ ಕಾಣುವುದೂ ನಿಜ. ಆದರೆ ಅದು ಅದೇ ಆಟವೆಂಬುದನ್ನು ನಾನು ಒಪ್ಪುವುದಿಲ್ಲ. ಆ ಆಟಗಳಲ್ಲಿ ಅರ್ಧ ಕಂಪ್ಯೂಟರಿನಲ್ಲಿದೆ, ಇನ್ನರ್ಧ ಪಿಕ್ಚರ್ ಟ್ಯೂಬಿನಲ್ಲಿದೆ. ಒಂದರ್ಧವನ್ನು ಕಾಪಾಡುತ್ತೇವೆಂದು ಹೇಳಿಕೊಂಡು ಇನ್ನರ್ಧವನ್ನು ಒಡೆಯುತ್ತಿದ್ದೇವೆ. ಇದನ್ನು ಕೊಂಚ ಬಿಡಿಸಿ ಹೇಳದಿದ್ದರೆ, ಹಳೆಯದರ ಮೋಹಕ್ಕೆ ಬಿದ್ದವನ ಗೋಳೆಂದು ವಾಚಕರು ಪುಟ ತಿರುವಿಯಾರು.

ತೊಗಲುಗೊಂಬೆಯಾಟ ನೋಡಿದವರಿಗೆ ನಾನು ಹೇಳುವುದು ಸುಲಭವಾಗಿ ತಿಳಿದೀತು. ಹದ ಮಾಡಿ ತೆಳುವಾಗಿಸಿದ ಚರ್ಮ, ಅದಕ್ಕೆ ಬಣ್ಣ, ಅಲ್ಲಲ್ಲಿ ಕೊರೆದ ಸಣ್ಣ ಸಣ್ಣ ತೂತು. ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಬೆಳಕು ಬಣ್ಣವನ್ನು ಹಾಯ್ದು ಬರುತ್ತದೆ; ತೂತುಗಳು ಒಡವೆಗಳಾಗುತ್ತವೆ; ರಾವಣನ ಹತ್ತು ತಲೆಗೂ ಜೀವ ಬರುತ್ತದೆ. ಅದೇ ಗೊಂಬೆಯನ್ನು ತಂದು, ಚೌಕಟ್ಟು ಕಟ್ಟಿಸಿ, ನಡುಮನೆಯ ಗೋಡೆಗೆ ತೂಗುಹಾಕಿ ಹಗಲು ಬೆಳಕಿನಲ್ಲಿ ನೋಡಿ. ಪ್ರತಿಯೊಂದು ಗೆರೆಯೂ ಸ್ಪಷ್ಟವಾಗಿಯೇ ಕಾಣುತ್ತದೆ. ಕಾಣುವುದು ಬಣ್ಣ ಬಳಿದ ತೊಗಲು. ಗೊಂಬೆ ಮಾಡಿದವನು ದೀಪವನ್ನು ಮನಸ್ಸಿನಲ್ಲಿಟ್ಟುಕೊಂಡು ಬಣ್ಣ ಹಾಕಿದ್ದ. ಹಳೆಯ ವಿಡಿಯೋ ಆಟಗಳನ್ನು ಬರೆದವರೂ ತಮ್ಮ ದೀಪವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರು.

ಮನೆಯ ಟಿ.ವಿ.ಗೆ ಯಂತ್ರವನ್ನು ಜೋಡಿಸಿ ಆಡುವುದು ಈಗಿನ ಹುಡುಗರು ಕಂಡುಹಿಡಿದ ಚೇಷ್ಟೆಯೆಂದು ತಿಳಿದವರು ಚರಿತ್ರೆಯನ್ನು ಒಮ್ಮೆ ನೋಡಬೇಕು. ಅಮೆರಿಕದಲ್ಲಿ ಸೇನೆಗೆ ಉಪಕರಣ ಮಾಡಿಕೊಡುವ ಒಂದು ಕಂಪನಿಯಲ್ಲಿ ಎಂಜಿನಿಯರಾಗಿದ್ದ ರಾಲ್ಫ್ ಬೇರ್ ಎಂಬವರಿಗೆ ೧೯೬೬ರಲ್ಲಿ ಹೊಳೆದ ವಿಚಾರ ಇದೇ: ಮನೆಮನೆಯಲ್ಲಿ ಟಿ.ವಿ. ಇದೆ, ಅದನ್ನು ನೋಡುವುದೊಂದನ್ನು ಬಿಟ್ಟು ಬೇರೇನಾದರೂ ಮಾಡಬಾರದೆ? ಅದರಿಂದ ಹುಟ್ಟಿದ ಒಡಿಸ್ಸಿ ಎಂಬ ಪೆಟ್ಟಿಗೆಯನ್ನು ಮ್ಯಾಗ್ನವಾಕ್ಸ್ ಕಂಪನಿ ೧೯೭೨ರಲ್ಲಿ ಮಾರಾಟಕ್ಕೆ ತಂದಿತು. ಬಣ್ಣ ತೋರಿಸುವ ಶಕ್ತಿ ಅದಕ್ಕಿರಲಿಲ್ಲ. ಬಣ್ಣದ ಪಾರದರ್ಶಕ ಹಾಳೆಯನ್ನು ಟಿ.ವಿ.ಯ ಗಾಜಿಗೆ ಅಂಟಿಸಿಕೊಂಡು ಆಡಬೇಕಾಗಿತ್ತು. ಅದೇ ವರ್ಷ ಅಟಾರಿ ಕಂಪನಿಯ ಅಲನ್ ಅಲ್ಕಾರ್ನ್ ಪಾಂಗ್ ಎಂಬ ಆಟ ಮಾಡಿದರು. ಅದರ ಮೊದಲ ಯಂತ್ರಕ್ಕೆ ಅವರು ಬಳಸಿದ್ದು ಅಂಗಡಿಯಲ್ಲಿ ೭೫ ಡಾಲರಿಗೆ ಕೊಂಡ ಹಿಟಾಚಿ ಕಪ್ಪು-ಬಿಳುಪು ಟಿ.ವಿ.; ಅದನ್ನು ನಾಲ್ಕು ಅಡಿಯ ಮರದ ಪೆಟ್ಟಿಗೆಯೊಳಗೆ ಕೂಡಿಸಿ ಕ್ಯಾಲಿಫೋರ್ನಿಯದ ಸನಿವೇಲಿನ ಒಂದು ಹೆಂಡದಂಗಡಿಯಲ್ಲಿಟ್ಟರು. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿದೆಯೆಂದು ಕರೆ ಬಂತಂತೆ. ಹೋಗಿ ನೋಡಿದರೆ ಕೆಟ್ಟಿದ್ದು ಏನೂ ಇರಲಿಲ್ಲ, ಕಾಸಿನ ಡಬ್ಬಿ ತುಂಬಿ ತುಳುಕಿ ಸಿಕ್ಕಿಕೊಂಡಿತ್ತು. ಅಂದರೆ ಪಾಂಗ್ ಆರ್ಕೇಡಿಗೆ ಹೋದದ್ದು ಮನೆಯ ಟಿ.ವಿ.ಯ ಹೊಟ್ಟೆಯಲ್ಲಿ ಕುಳಿತೇ. ಇನ್ನು ಸ್ಟೀವ್ ವಾಜ್ನಿಯಾಕ್: ಇಟ್ಟಿಗೆ ಒಡೆಯುವ ಬ್ರೇಕ್‌ಔಟ್ ಆಟದ ಯಂತ್ರವನ್ನು ಅಟಾರಿಗೆ ರೂಪಿಸಿಕೊಟ್ಟ ಮೇಲೆ, ಅದೇ ಆಟವನ್ನು ತಾನೇ ಪ್ರೋಗ್ರಾಮು ಬರೆದು ಆಡುವಂತಾಗಬೇಕೆಂದು ೧೯೭೭ರ ಆಪಲ್-೨ ಕಂಪ್ಯೂಟರಿಗೆ ಬಣ್ಣ, ಸದ್ದು, ತಿರುಗಿಸುವ ಹಿಡಿಕೆ ಎಲ್ಲವನ್ನೂ ಸೇರಿಸಿದರು. ಮನೆಯ ಕಂಪ್ಯೂಟರು, ಮನೆಯ ಟಿ.ವಿ., ಆರ್ಕೇಡಿನ ಆಟ, ಈ ಮೂರೂ ಒಂದೇ ತೊಟ್ಟಿಲಿನಲ್ಲಿ ಬೆಳೆದವು. ನೆರೆಮನೆಯ ಹುಡುಗ ಅವನ್ನು ಮತ್ತೆ ಒಟ್ಟಿಗೆ ಕೂಡಿಸುತ್ತಿದ್ದಾನೆ, ಅಷ್ಟೆ.

ಈಗ ಟ್ಯೂಬಿನ ವಿಚಾರ. ಅದರ ಕತ್ತಿನಿಂದ ಹೊರಟ ಎಲೆಕ್ಟ್ರಾನುಗಳ ಕಿರಣ ಮುಂದಿನ ಗಾಜಿನ ಒಳಮೈಗೆ ತಗಲಿದ ಕಡೆ ಬೆಳಕು ಏಳುತ್ತದೆ. ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಮತ್ತೆ ಮೇಲಕ್ಕೆ ಹಾರುತ್ತದೆ. ಅಮೆರಿಕ, ಜಪಾನುಗಳ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು ೧೫,೭೩೪ ಗೆರೆ. ನಮ್ಮ ದೇಶ ಹಿಡಿದ ಪಾಲ್ ಪದ್ಧತಿಯಲ್ಲಿ ೧೫,೬೨೫. ಅವರ ಟಿ.ವಿ. ಪ್ರಸಾರದಲ್ಲಿ ಒಂದು ಪೂರ್ಣ ಚಿತ್ರಕ್ಕೆ ೫೨೫ ಗೆರೆ. ಅವುಗಳಲ್ಲಿ ಬೆಸ ಸಂಖ್ಯೆಯವು ಒಂದು ಸುತ್ತಿನಲ್ಲಿ, ಸರಿ ಸಂಖ್ಯೆಯವು ಮುಂದಿನ ಸುತ್ತಿನಲ್ಲಿ ಬೀಳುತ್ತವೆ. ಆಟ ಮಾಡುವವರು ಇಲ್ಲಿ ಒಂದು ಉಪಾಯ ಹೂಡಿದರು. ಎರಡು ಸುತ್ತಿನಲ್ಲಿಯೂ ಗೆರೆಗಳು ಒಂದೇ ಜಾಗದಲ್ಲಿ ಬೀಳುವಂತೆ ಮಾಡಿದರು. ಚಿತ್ರ ನಡುಗುವುದು ನಿಂತಿತು. ಕಣ್ಣಿಗೆ ಬೀಳುವ ಗೆರೆ ಸುಮಾರು ೨೪೦ ಉಳಿಯಿತು. ಗೆರೆ ಗೆರೆಯ ನಡುವೆ ಒಂದು ಕಪ್ಪು ಸಂದು, ಎಳೆ ಬಿಟ್ಟು ನೇಯ್ದ ಬಟ್ಟೆಯಲ್ಲಿ ಕಾಣುವಂತೆ. ಆ ಸಂದಿನಿಂದಲೇ ಚಿತ್ರಕ್ಕೆ ಮೈ ಬಂದದ್ದು. ಕಿರಣದ ಚುಕ್ಕೆ ಗುಂಡಗೆ, ಅಂಚಿನಲ್ಲಿ ಮಸುಕಾಗಿ, ಪಕ್ಕದ ಚುಕ್ಕೆಯೊಂದಿಗೆ ಬೆರೆಯುತ್ತದೆ. ಹದಿನಾರು ಚುಕ್ಕೆ ಅಗಲದ ಒಂದು ಮುಖದಲ್ಲಿ ಮೂಗು, ಮೀಸೆ, ನಗು ಎಲ್ಲವನ್ನೂ ತೋರಿಸಬೇಕಾದವರಿಗೆ ಈ ಬೆರಕೆ ಕುಂಚವಿದ್ದಂತೆ.

ಹೊಸ ಟಿ.ವಿ.ಯಲ್ಲಿ ಇದಕ್ಕೆ ಏನಾಗುತ್ತದೆ ನೋಡಿ. ಈಗ ಮನೆಮನೆಗೆ ಬರುತ್ತಿರುವ ನಾಲ್ಕು-ಕೆ ಎಂಬ ಪರದೆಯಲ್ಲಿ ೨,೧೬೦ ಸಾಲುಗಳಿವೆ. ೨೪೦ ಗೆರೆಯ ಚಿತ್ರವನ್ನು ಅದರ ಮೇಲೆ ಹಾಕಿದರೆ ಹಳೆಯ ಒಂದು ಚುಕ್ಕೆಗೆ ಒಂಬತ್ತು ಸಾಲು ಎತ್ತರ, ಒಂಬತ್ತು ಚುಕ್ಕೆ ಅಗಲ, ಒಟ್ಟು ೮೧ ಚುಕ್ಕೆಗಳ ಒಂದು ಚೌಕ ಹೆಂಚು. ಮೂಗು ಇದ್ದಲ್ಲಿ ಒಂದು ಹೆಂಚು, ಕಣ್ಣು ಇದ್ದಲ್ಲಿ ಎರಡು ಹೆಂಚು. ಇದನ್ನೇ ಹಳೆಯ ಆಟಗಳ ಸೊಗಸೆಂದು ತಿಳಿದು, ಅಂಗಿಯ ಮೇಲೂ ಕಾಫಿ ಲೋಟದ ಮೇಲೂ ಚೌಕ ಚೌಕವಾಗಿ ಅಚ್ಚುಹಾಕಿಸಿಕೊಳ್ಳುವ ಒಂದು ತಲೆಮಾರೇ ಬೆಳೆದಿದೆ. ಅಂಥ ಚೌಕಗಳನ್ನು ಆ ಕಾಲದಲ್ಲಿ ಆಡಿದವರು ಯಾರೂ ಕಂಡಿರಲಿಲ್ಲ. ೧೯೯೧ರಲ್ಲಿ ಸೆಗಾ ಕಂಪನಿಯ ಮನೆಯ ಪೆಟ್ಟಿಗೆಗೆ ಬಂದ ಸೋನಿಕ್ ಆಟದಲ್ಲಿ ಒಂದು ಜಲಪಾತವಿದೆ. ಅದನ್ನು ಬರೆದದ್ದು ಒಂದು ಬಿಟ್ಟು ಒಂದು ಉದ್ದಗೆರೆಯಾಗಿ. ಹಳದಿ ತಂತಿಯಲ್ಲಿ ಹಾದು ಟ್ಯೂಬಿನ ಮೇಲೆ ಬಿದ್ದಾಗ ಗೆರೆಗಳು ಕರಗಿ, ಹಿಂದಿನ ಬಂಡೆ ಕಾಣುವಂಥ ತೆಳ್ಳನೆಯ ನೀರಾಗುತ್ತದೆ. ಹೊಸ ಪರದೆಯಲ್ಲಿ ಅದು ಕಿಟಕಿಯ ಸರಳು. ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ಮಾಡಿದ ೧೯೭೮ರ ಸ್ಪೇಸ್ ಇನ್ವೇಡರ್ಸ್ ಮೊದಲು ಬಂದದ್ದು ಕಪ್ಪು-ಬಿಳುಪು ಟ್ಯೂಬಿಗೆ, ಮೇಲೆ ಬಣ್ಣದ ಪಟ್ಟಿ ಹಚ್ಚಿ. ಅದರಲ್ಲಿ ವೈರಿಗಳು ಕಡಿಮೆಯಾದಷ್ಟೂ ಉಳಿದವರ ಓಟ ಹೆಚ್ಚುತ್ತದೆ. ಕಡಿಮೆ ಚಿತ್ರ ಬರೆಯಬೇಕಾದಾಗ ಯಂತ್ರದ ಭಾರ ಇಳಿಯುತ್ತಿತ್ತು, ಅದರಿಂದ ಹಾಗಾಯಿತು. ಮಾಡಿದವರು ಅದನ್ನು ತಿದ್ದದೆ ಉಳಿಸಿಕೊಂಡರು. ಯಂತ್ರದ ಮಿತಿಯನ್ನೇ ಆಟವಾಗಿ ಮಾಡಿಕೊಂಡ ಜನ ಅವರು. ಅಂಥವರ ಕೆಲಸವನ್ನು ಯಂತ್ರದಿಂದ ಕಿತ್ತು ತೋರಿಸಿ, ಇದೇ ಮೂಲವೆನ್ನುವುದು ಅನ್ಯಾಯ.

ಕಣ್ಣಿನ ಮಾತು ಬಿಡಿ, ರುಚಿಭೇದವೆನ್ನಬಹುದು. ಕೈಯ ಮಾತಿಗೆ ಏನು ಹೇಳುತ್ತೀರಿ? ಟ್ಯೂಬು ಚಿತ್ರವನ್ನು ಕೂಡಿಟ್ಟುಕೊಳ್ಳುವುದಿಲ್ಲ. ತಂತಿಯಲ್ಲಿ ಗೆರೆ ಬಂದ ಗಳಿಗೆಯಲ್ಲಿಯೇ ಗಾಜಿನ ಮೇಲೆ ಎಳೆಯುತ್ತದೆ. ಹೊಸ ಟಿ.ವಿ. ಹಾಗಲ್ಲ, ಇಡೀ ಚಿತ್ರವನ್ನು ಒಳಗೆ ತೆಗೆದುಕೊಂಡು, ಹಿಗ್ಗಿಸಿ, ಬಣ್ಣ ತಿದ್ದಿ, ಅಂಚು ತೀಡಿ, ಆಮೇಲೆ ಹೊರಗೆ ಬಿಡುತ್ತದೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಸೆಕೆಂಡಿಗೆ ಅರವತ್ತು ಚಿತ್ರ ಬರುವ ಆಟದಲ್ಲಿ ಮೂರು ಚಿತ್ರದಷ್ಟು ತಡವಾದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಹೋಯಿತು. ಗುಂಡಿ ಒತ್ತಿದ್ದು ಈಗ, ಹಾರಿದ್ದು ಆಮೇಲೆ. ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಾಯಿತು. ಆಡುವವನು ತನಗೇ ವಯಸ್ಸಾಯಿತೆಂದು ಕೊರಗುತ್ತಾನೆ. 'ಗೇಮ್ ಮೋಡ್' ಎಂಬ ಸೌಕರ್ಯವನ್ನು ಈಗಿನ ಟಿ.ವಿ.ಗಳಲ್ಲಿ ಇಟ್ಟಿರುವುದೇ ಈ ದೋಷವನ್ನು ತಯಾರಕರು ಬಲ್ಲರೆಂಬುದಕ್ಕೆ ಸಾಕ್ಷಿ. ಅದರಿಂದ ತಡ ಕಡಿಮೆಯಾಗುವುದನ್ನು ನಾನೂ ಒಪ್ಪುತ್ತೇನೆ.

ಆದರೆ ಬಾತುಕೋಳಿ ಹೊಡೆಯುವ ಕೋವಿಗೆ ಯಾವ ಮೋಡೂ ಸಹಾಯಕ್ಕೆ ಬಾರದು. ನಿಂಟೆಂಡೊ ಕಂಪನಿ ೧೯೮೪ರಲ್ಲಿ ತಂದ ಡಕ್ ಹಂಟ್ ಆಟದ ಕೋವಿಯಿಂದ ಏನೂ ಹೊರಡುವುದಿಲ್ಲ. ಅದರ ಮೂತಿಯಲ್ಲಿರುವುದು ಬೆಳಕನ್ನು ಗುರುತಿಸುವ ಒಂದು ಕಣ್ಣು. ಕುದುರೆ ಎಳೆದೊಡನೆ ಪರದೆ ಒಂದು ಕ್ಷಣ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಬಿಳಿಯ ಚೌಕ ಮಿಂಚುತ್ತದೆ. ಆ ಮಿಂಚನ್ನು ಕೋವಿ ಕಂಡರೆ ಗುರಿ ತಗಲಿದಂತೆ. ಬೆಳಕು ಬರಬೇಕಾದ ಗಳಿಗೆಯಲ್ಲಿಯೇ ಬರಬೇಕು, ಹೊಸ ಟಿ.ವಿ.ಯಲ್ಲಿ ಅದು ತಡವಾಗಿ ಬರುತ್ತದೆ, ಕೋವಿ ಕುರುಡಾಗುತ್ತದೆ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ 'ಟಿ.ವಿ. ಗೇಮ್' ಎಂದು ಮನೆಗೆ ತಂದ ನಕಲು ಪೆಟ್ಟಿಗೆಗಳಲ್ಲಿಯೂ ಆ ಕೋವಿ ಬರುತ್ತಿತ್ತು. '೯೯೯೯ ಆಟಗಳು ಒಂದರಲ್ಲಿ' ಎಂಬ ಕ್ಯಾಸೆಟ್ಟು ಜೊತೆಗೆ. ಅದರಲ್ಲಿ ನಿಜವಾಗಿ ಇದ್ದ ಆಟಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು, ಮಿಕ್ಕವು ಅವೇ ಮರಳಿ ಮರಳಿ. ಆ ಕೋವಿಗಳು ಇನ್ನೂ ಎಷ್ಟೋ ಅಟ್ಟಗಳ ಮೇಲೆ ಬಿದ್ದಿರಬೇಕು. ಅಟ್ಟದಿಂದ ಇಳಿಸಿ ಹೊಸ ಟಿ.ವಿ.ಯ ಮುಂದೆ ಹಿಡಿದು, ಹಾಳಾಗಿದೆಯೆಂದು ಎಸೆಯುವವರಿಗೆ ಹೇಳುತ್ತೇನೆ: ಹಾಳಾದದ್ದು ಕೋವಿಯೆಂದು ತೀರ್ಮಾನಿಸುವ ಮೊದಲು ಒಂದು ಡಬ್ಬಾ ಟಿ.ವಿ. ಹುಡುಕಿ.

ಹಾಗಾದರೆ ಕಂಪ್ಯೂಟರನ್ನು ಡಬ್ಬಾ ಟಿ.ವಿ.ಗೆ ಜೋಡಿಸುವುದು ಹೇಗೆ? ಇಲ್ಲಿಯೇ ಅಂಗಡಿಯವರು ನಮ್ಮ ಹುಡುಗರನ್ನು ದಾರಿ ತಪ್ಪಿಸುವುದು. ಎಚ್.ಡಿ.ಎಂ.ಐ. ತಂತಿಯಿಂದ ಹಳದಿ, ಬಿಳಿ, ಕೆಂಪು ತಂತಿಗೆ ಬದಲಾಯಿಸುವ ಒಂದು ಸಣ್ಣ ಡಬ್ಬಿಯನ್ನು ಕೈಗೆ ಹಾಕಿ ಕಳಿಸುತ್ತಾರೆ. ಚಿತ್ರವೇನೋ ಬರುತ್ತದೆ. ಆದರೆ ಆ ಡಬ್ಬಿ ಸಾಮಾನ್ಯವಾಗಿ ಬೆಸ-ಸರಿ ಗೆರೆಗಳ ಪ್ರಸಾರದ ಪದ್ಧತಿಯಲ್ಲಿಯೇ ಚಿತ್ರ ಕಳಿಸುತ್ತದೆ. ಹಳೆಯವರು ಉಪಾಯದಿಂದ ತಪ್ಪಿಸಿದ್ದ ನಡುಕ ಮತ್ತೆ ಬರುತ್ತದೆ. ಹಿಗ್ಗಿಸಿ ಕುಗ್ಗಿಸುವ ಕೆಲಸದಲ್ಲಿ ಅಂಚು ಮಸುಕಾಗುತ್ತದೆ, ತಡವೂ ಸೇರಿಕೊಳ್ಳುತ್ತದೆ. ಇದನ್ನು ನೋಡಿದ ಹುಡುಗ, "ಡಬ್ಬಾ ಟಿ.ವಿ. ಚೆನ್ನಾಗಿರುತ್ತೆ ಅಂತ ಹೇಳಿದ್ದೆಲ್ಲ ಸುಳ್ಳು" ಎಂದು ಕೈಬಿಟ್ಟರೆ ಅವನನ್ನು ದೂರುವಂತಿಲ್ಲ. ಕಂಪ್ಯೂಟರಿನ ವಿ.ಜಿ.ಎ. ತೂತಿನಿಂದ ನೇರವಾಗಿ ತಂತಿ ಎಳೆಯುವ ಸಾಹಸವಂತೂ ಬೇಡವೇ ಬೇಡ. ಅಲ್ಲಿಂದ ಬರುವುದು ಸೆಕೆಂಡಿಗೆ ೩೧,೪೬೯ ಗೆರೆ, ಟಿ.ವಿ. ಎಳೆಯಬಲ್ಲದ್ದಕ್ಕೆ ಎರಡರಷ್ಟು, ಚಿತ್ರ ಹರಿದು ಮಡಚಿಕೊಳ್ಳುತ್ತದೆ, ಕೆಲವು ಟಿ.ವಿ.ಗಳಿಗೆ ಅಪಾಯವೂ ಉಂಟು.

ಸರಿಯಾದ ದಾರಿ ಇದೆ, ದುಬಾರಿಯೂ ಅಲ್ಲ. ಹಳೆಯ ಕಂಪ್ಯೂಟರಿನ ರೇಡಿಯಾನ್ ಜಾತಿಯ ಚಿತ್ರಫಲಕವಿದ್ದರೆ, ಅದರಿಂದ ಟಿ.ವಿ.ಗೆ ತಕ್ಕ ಗೆರೆಗಳನ್ನೇ ಹೊರಡಿಸುವ ಪ್ರೋಗ್ರಾಮನ್ನು ಹವ್ಯಾಸಿಗಳು ಬರೆದು ಹಂಚಿದ್ದಾರೆ. ಅದಿಲ್ಲದಿದ್ದರೆ ೨೦೧೨ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಇದೆ. ಮೊದಲ ಮಾದರಿಯಲ್ಲಿ ಹಳದಿ ತೂತೇ ಇತ್ತು. ಮುಂದಿನವುಗಳಲ್ಲಿ ಹಾಡು ಕೇಳುವ ಸಣ್ಣ ತೂತಿನಲ್ಲಿಯೇ ಚಿತ್ರವನ್ನೂ ಸೇರಿಸಿದರು. ಪ್ರಸಾರದ ಪದ್ಧತಿ ಬಿಟ್ಟು ಒಂದೇ ಜಾಗದಲ್ಲಿ ಗೆರೆ ಬೀಳುವಂತೆ ಕಳಿಸಲು ಅದಕ್ಕೆ ಒಂದು ಸಾಲು ಆಜ್ಞೆ ಬರೆದರೆ ಸಾಕು. ತಂತಿ ಕೊಳ್ಳುವಾಗ ಮಾತ್ರ ಎಚ್ಚರ. ನಾಲ್ಕು ಉಂಗುರದ ಆ ತಂತಿಗಳೆಲ್ಲ ಹೊರಗೆ ಒಂದೇ ರೀತಿ ಕಾಣುತ್ತವೆ, ಒಳಗಿನ ಜೋಡಣೆ ಬೇರೆ ಬೇರೆ; ತಪ್ಪಿದ್ದನ್ನು ತಂದರೆ ಚಿತ್ರವಿರಬೇಕಾದ ಕಡೆ ಸದ್ದು ಬರುತ್ತದೆ. ಬೆಂಗಳೂರಿನ ಸಾದರಪತ್ರಪ್ಪ ರಸ್ತೆಯಲ್ಲಿ ಇಂಥವನ್ನು ಕೊಳ್ಳುವವರು ಅಂಗಡಿಯಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ. ಡಬ್ಬಾ ಟಿ.ವಿ.ಗಳ ಕೊನೆಯ ಕಾಲದಲ್ಲಿ ಬಂದ ಕೆಲವುಗಳ ಬೆನ್ನಿನಲ್ಲಿ ಹಸಿರು, ನೀಲಿ, ಕೆಂಪು ಮೂರು ತೂತುಗಳಿರುತ್ತವೆ, ಡಿ.ವಿ.ಡಿ.ಗೆಂದು ಇಟ್ಟವು. ಅಂಥದು ಸಿಕ್ಕಿದರೆ ಅದೃಷ್ಟ. ಬಣ್ಣ ಬೇರೆ ಬೇರೆಯಾಗಿ ಬರುವುದರಿಂದ ಆರ್ಕೇಡಿನ ಚಿತ್ರಕ್ಕೆ ಬಹಳ ಹತ್ತಿರವಾಗುತ್ತದೆ. ಪ್ಯಾಕ್‌ಮ್ಯಾನಿನಂಥ ಆಟಗಳಲ್ಲಿ ಟ್ಯೂಬು ಮಗ್ಗುಲಾಗಿ ನಿಂತಿರುತ್ತಿತ್ತೆಂದು ಟಿ.ವಿ.ಯನ್ನೂ ಮಗ್ಗುಲಾಗಿ ನಿಲ್ಲಿಸಹೋಗಬೇಡಿ. ಚಿತ್ರ ಚಿಕ್ಕದಾದರೂ ನೆಟ್ಟಗೆ ಇಟ್ಟೇ ಆಡಿ. ಬೆನ್ನಿನ ಮುಚ್ಚಳವನ್ನಂತೂ ತೆಗೆಯಲೇಬೇಡಿ. ಟ್ಯೂಬಿನೊಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಇರುತ್ತದೆ, ಪ್ಲಗ್ಗು ಕಿತ್ತ ಮೇಲೂ ಉಳಿದಿರುತ್ತದೆ. ಅದು ಬಲ್ಲವರ ಕೆಲಸ.

ಈ ತೂತುಗಳೂ ಒಂದೊಂದಾಗಿ ಮುಚ್ಚುತ್ತಿವೆ. ರಾಸ್ಪ್‌ಬೆರಿ ಪೈಯ ಐದನೆಯ ಮಾದರಿಯಲ್ಲಿ ಆ ಸಣ್ಣ ತೂತನ್ನು ತೆಗೆದುಹಾಕಿದ್ದಾರೆ. ಚಿತ್ರ ಬೇಕಾದವರು ಬೆಸುಗೆ ಹಾಕಿಕೊಳ್ಳಬೇಕು. ಹೊಸ ಕಂಪ್ಯೂಟರುಗಳಲ್ಲಿ ಕೇಳುವುದೇ ಬೇಡ. ಯಾರೂ ಕೇಳುವುದಿಲ್ಲವೆಂದು ತೆಗೆಯುತ್ತಾರೆ. ತೆಗೆದದ್ದರಿಂದ ಕೇಳುವವರು ಇನ್ನೂ ಕಡಿಮೆಯಾಗುತ್ತಾರೆ.

ಇಷ್ಟೆಲ್ಲ ಯಾಕೆ, ಟ್ಯೂಬಿನಂತೆಯೇ ತೋರಿಸುವ ಪ್ರೋಗ್ರಾಮುಗಳಿವೆಯಲ್ಲ ಎಂದು ಬಲ್ಲವರು ಕೇಳುತ್ತಾರೆ. ಇವೆ, ಈಚಿನವು ಬಹಳ ಚೆನ್ನಾಗಿಯೂ ಇವೆ. ಕಪ್ಪು ಸಂದು, ಗುಂಡು ಚುಕ್ಕೆ, ಗಾಜಿನ ಉಬ್ಬು ಎಲ್ಲವನ್ನೂ ಹೊಸ ಪರದೆಯ ಮೇಲೆ ಲೆಕ್ಕ ಹಾಕಿ ಬರೆಯುತ್ತವೆ. ಒಳ್ಳೆಯ ನಾಲ್ಕು-ಕೆ ಪರದೆ ಕೊಳ್ಳುವ ಶಕ್ತಿ ಇದ್ದವರು ಸುಖವಾಗಿ ಬಳಸಲಿ. ಆದರೆ ಅವನ್ನು ಬರೆಯುವ ಜಾಣರೆಲ್ಲ ಮೇಜಿನ ಮೇಲೆ ಒಂದು ನಿಜವಾದ ಟ್ಯೂಬನ್ನು ಇಟ್ಟುಕೊಂಡೇ ಬರೆದಾರಲ್ಲದೆ ಊಹೆಯಿಂದ ಬರೆಯಲಾರರು. ಕೊನೆಯ ಟ್ಯೂಬು ಒಡೆದ ಮೇಲೆ ಈ ನಕಲು ಸರಿಯೋ ತಪ್ಪೋ ಎಂದು ಹೇಳಲು ಮೂಲವೇ ಇರುವುದಿಲ್ಲ.

ಇನ್ನು ಕಳ್ಳತನದ ಆರೋಪ. ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವುದೆಂದರೆ ಕಂಪನಿಗಳ ಸೊತ್ತನ್ನು ಕದ್ದಂತೆ ಎನ್ನುವವರು ಇದ್ದಾರೆ. ಮಂದಿಯ ಆಟಗಳನ್ನು ಅನುಮತಿಯಿಲ್ಲದೆ ಹಂಚುವುದು ನ್ಯಾಯವೆಂದು ನಾನು ವಾದಿಸುವುದಿಲ್ಲ. 'ಹತ್ತು ಸಾವಿರ ಆಟ' ಎಂದು ಕೂಗಿ ಮಾರುವ ಪೆಟ್ಟಿಗೆಗಳು ಮಾಡುತ್ತಿರುವುದು ಅದನ್ನೇ. ಅವನ್ನು ಕೊಂಡವರು ಹಳೆಯ '೯೯೯೯' ಕ್ಯಾಸೆಟ್ಟಿನ ಮೊಮ್ಮಗನನ್ನು ಕೊಂಡಂತಾಯಿತು. ಆದರೆ ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ವಿಭಾಗ, ನ್ಯಾಯವಾಗಿ ತನ್ನದಾದ ಪ್ರೋಗ್ರಾಮಿನ ಪ್ರತಿಯನ್ನು ವ್ಯಾಪಾರಕ್ಕಲ್ಲದೆ ಸ್ವಂತ ಉಪಯೋಗಕ್ಕೆ ಮಾಡಿಕೊಳ್ಳುವುದನ್ನು ತಪ್ಪೆನ್ನುವುದಿಲ್ಲ. ಇಟಲಿಯ ನಿಕೊಲಾ ಸಾಲ್ಮೋರಿಯಾ ೧೯೯೭ರಲ್ಲಿ ಆರಂಭಿಸಿದ ಮೇಮ್ ಎಂಬ ಪ್ರೋಗ್ರಾಮು ಸಾವಿರಾರು ಆರ್ಕೇಡ್ ಯಂತ್ರಗಳ ಒಳಗುಟ್ಟನ್ನು ದಾಖಲೆ ಮಾಡಿದೆ. ದಾಖಲೆಯೇ ತಮ್ಮ ಗುರಿ, ಆಡಲು ಬರುವುದು ಅದರ ಫಲ ಎಂಬುದು ಅದನ್ನು ಬೆಳೆಸಿದವರ ನಿಲುವು. ಹಕ್ಕುದಾರರು ಒಪ್ಪಿ ಬಿಟ್ಟುಕೊಟ್ಟ ಕೆಲವು ಆಟಗಳನ್ನು ಅವರೇ ಉಚಿತವಾಗಿ ಕೊಡುತ್ತಾರೆ.

ಸೊತ್ತಿನ ಮಾತೆತ್ತುವ ಕಂಪನಿಗಳು ತಮ್ಮ ಸೊತ್ತನ್ನು ಹೇಗೆ ನೋಡಿಕೊಂಡಿವೆ? ಅಮೆರಿಕದಲ್ಲಿ ೨೦೧೦ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ ಇಂದು ಕಾಸು ಕೊಟ್ಟರೂ ಅಂಗಡಿಯಲ್ಲಿ ಸಿಕ್ಕುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಲೆಕ್ಕ ಹಾಕಿ ಹೇಳಿತು. ಅಂಥವನ್ನು ಗ್ರಂಥಾಲಯಗಳು ದೂರದಲ್ಲಿರುವ ಸಂಶೋಧಕರಿಗೆ ತೋರಿಸಲು ಅನುಮತಿ ಕೊಡಿರೆಂದು ಕೇಳಿದಾಗ, ೨೦೨೪ರ ಅಕ್ಟೋಬರಿನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ಒಪ್ಪಲಿಲ್ಲ. ಎದುರಾಳಿಗಳ ಆಕ್ಷೇಪಗಳಲ್ಲಿ ಒಂದು, ಜನ ಅವನ್ನು ವಿನೋದಕ್ಕಾಗಿ ಆಡಿಬಿಟ್ಟಾರು ಎಂಬುದು! ಆಟವನ್ನು ಆಡಿಬಿಟ್ಟಾರೆಂಬ ಭಯ. ಕಾದಂಬರಿಯನ್ನು ಓದಿಬಿಟ್ಟಾರೆಂದು ಗ್ರಂಥಾಲಯಕ್ಕೆ ಬೀಗ ಹಾಕಿದಂತೆ. ಇದಕ್ಕಿಂತ ಕ್ರೂರವಾದದ್ದು ಕ್ಯಾಪ್‌ಕಾಮ್ ಕಂಪನಿ ೧೯೯೩ರಿಂದ ತಂದ ಸಿ.ಪಿ.ಎಸ್.-೨ ಎಂಬ ಆರ್ಕೇಡ್ ಫಲಕಗಳ ಕತೆ. ಆಟವನ್ನು ಗೂಢಲಿಪಿಯಲ್ಲಿಟ್ಟು, ಬಿಡಿಸುವ ಕೀಲಿಯನ್ನು ಒಂದು ಸಣ್ಣ ಬ್ಯಾಟರಿಯ ಆಸರೆಯಲ್ಲಿಟ್ಟರು. ಬ್ಯಾಟರಿ ತೀರಿದ ದಿನ ಕೀಲಿ ಅಳಿಸಿಹೋಗಿ ದುಡ್ಡು ಕೊಟ್ಟು ಕೊಂಡವನ ಯಂತ್ರ ಸಾಯುತ್ತದೆ. ಆ ಗೂಢಲಿಪಿಯನ್ನು ಬಿಡಿಸಿ, ಸತ್ತ ಫಲಕಗಳನ್ನು ಬದುಕಿಸಿದವರು, ಕಳ್ಳರೆಂದು ಕರೆಸಿಕೊಳ್ಳುವ ಇದೇ ಹವ್ಯಾಸಿಗಳು.

ಹುಡುಗರ ಕಾಲ ವ್ಯರ್ಥವಾಗುತ್ತದೆ ಎಂಬ ಹಿರಿಯರ ಮಾತಿಗೆ ನಾನು ದೊಡ್ಡ ಉತ್ತರ ಕೊಡಲಾರೆ. ಗೆರೆ ಲೆಕ್ಕ ಹಾಕಿ, ತಂತಿ ಬೆಸೆದು, ಆಜ್ಞೆ ಬರೆದು ಜೋಡಿಸಿದ ಹುಡುಗನ ಕಾಲವನ್ನು, ಅವನ ಕೈಯಲ್ಲಿರುವ ಮೊಬೈಲಿನ ಆಟಕ್ಕೆ ಹೋಗುವ ಕಾಲದೊಂದಿಗೆ ಅವರೇ ತೂಗಿ ನೋಡಲಿ. ಆರ್ಕೇಡ್ ಪೆಟ್ಟಿಗೆಯೂ ಕಾಸು ನುಂಗುವುದಕ್ಕಾಗಿಯೇ ಹುಟ್ಟಿದ್ದು. ಮನೆಗೆ ಬಂದ ಮೇಲೆ ಆ ಬಾಯಿಗೆ ಕಾಸು ಬೀಳುವುದಿಲ್ಲ.

ನನಗೆ ನಿಜವಾಗಿ ಆತಂಕವಿರುವುದು ಬೇರೆಡೆ. ಬೆಂಗಳೂರಿನವರಾದ ನಾವು ಮರೆತಿರಬಹುದು: ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಒಂದು ಕಾಲದಲ್ಲಿ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನು ತಯಾರಿಸುತ್ತಿತ್ತು. ಟ್ಯೂಬನ್ನು ಬಲ್ಲ ಕೈಗಳು ಈ ಊರಿನಲ್ಲಿದ್ದವು. ಬಡಾವಣೆಗೊಬ್ಬರಂತೆ ಟಿ.ವಿ. ರಿಪೇರಿಯವರಿದ್ದರು, ಚಿತ್ರ ಕುಗ್ಗಿದರೆ, ಬಣ್ಣ ಕಲಸಿದರೆ, ಬೆನ್ನು ಬಿಚ್ಚಿ ಎದುರಿಗೆ ಕನ್ನಡಿಯಿಟ್ಟುಕೊಂಡು ತಿದ್ದುತ್ತಿದ್ದರು. ಈಗ ಅವರಲ್ಲಿ ಎಷ್ಟೋ ಮಂದಿ ಮೊಬೈಲಿನ ಗಾಜು ಬದಲಾಯಿಸುತ್ತಿದ್ದಾರೆ. ಟ್ಯೂಬು ಮಾಡುವ ದೊಡ್ಡ ಕಾರ್ಖಾನೆಗಳು ಮುಚ್ಚಿ ವರ್ಷಗಳಾದವು. ಉಳಿದಿರುವುದು ನಮ್ಮ ಅಟ್ಟ, ಮೂಲೆ, ಉಗ್ರಾಣಗಳಲ್ಲಿರುವುದಷ್ಟೆ. ಮೇಲಾಗಿ ಆ ಗಾಜಿನಲ್ಲಿ ಸೀಸವಿದೆ. ಗುಜರಿಯವನು ಬೀದಿಯ ಬದಿಯಲ್ಲಿ ಕಲ್ಲೆತ್ತಿ ಒಡೆದಾಗ ಅದು ಮಣ್ಣಿಗೆ ಸೇರುತ್ತದೆ. ಟ್ಯೂಬು ವಿಷವಸ್ತು, ಆದ್ದರಿಂದ ಮನೆಯಿಂದ ಹೊರಹಾಕಬೇಕು ಎನ್ನುವವರು ಇದನ್ನು ಗಮನಿಸಬೇಕು. ಇಡಿಯಾಗಿದ್ದಾಗ ಸೀಸ ಗಾಜಿನಲ್ಲಿ ಅಡಗಿರುತ್ತದೆ.

೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಇ-ತ್ಯಾಜ್ಯ ನಿಯಮಗಳಲ್ಲಿ, ಒಡೆದು ಕರಗಿಸುವವರ ಜೊತೆಗೆ ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವರಿಗೂ ಜಾಗವಿದೆ. ನಡೆಯುವ ಸ್ಥಿತಿಯಲ್ಲಿರುವ ಟ್ಯೂಬುಗಳನ್ನು ಕರಗಿಸುವವರ ಕೈಗೆ ಕೊಡುವ ಮುಂಚೆ ಈ ಎರಡನೆಯವರಿಗೆ ಒಮ್ಮೆ ತೋರಿಸುವ ಪದ್ಧತಿಯನ್ನು ನಗರಪಾಲಿಕೆಗಳು ಯಾಕೆ ತರಬಾರದು? ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಗುಂಡಿ ಒತ್ತಿ ಯಂತ್ರ ಓಡಿಸಿ ಕಲಿಯುತ್ತಾರೆ. ಅಲ್ಲಿ ಒಂದು ಟ್ಯೂಬಿನ ಟಿ.ವಿ., ಅದಕ್ಕೆ ಜೋಡಿಸಿದ ಕಂಪ್ಯೂಟರು, ಪಕ್ಕದಲ್ಲಿಯೇ ಹೊಸ ಪರದೆಯೊಂದರ ಮೇಲೆ ಅದೇ ಆಟ, ಹೀಗೆ ಎರಡನ್ನೂ ಆಡಿ ನೋಡುವಂತೆ ಇಟ್ಟರೆ ನಾನು ಇಷ್ಟುದ್ದ ಬರೆದದ್ದನ್ನು ಮಕ್ಕಳು ಐದು ನಿಮಿಷದಲ್ಲಿ ತಿಳಿದುಕೊಂಡಾರು.

ಅದೆಲ್ಲ ಆಗುವಾಗ ಆಗಲಿ. ಈ ಭಾನುವಾರ ಅಟ್ಟ ಗುಡಿಸುವವರು ಟಿ.ವಿ.ಯನ್ನು ಕೆಳಗಿಳಿಸಿದರೆ ಒಮ್ಮೆ ಬೆನ್ನು ತಿರುಗಿಸಿ ನೋಡಿ. ಹಳದಿ ತೂತು ಇದೆಯೋ? ಹಸಿರು, ನೀಲಿ, ಕೆಂಪು? ಪ್ಲಗ್ಗು ಹಾಕಿದರೆ ಬೆಳಕು ಬರುತ್ತದೆಯೋ? ಬಂದರೆ ಗುಜರಿಯವನಿಗೆ ಮುಂಚೆ ಬೀದಿಯ ರಿಪೇರಿಯವರಿಗೆ, ಅವರು ಬೇಡವೆಂದರೆ ಆ ನೆರೆಮನೆಯ ಹುಡುಗನಿಗೆ ಹೇಳಿಕಳಿಸಿ. ೨೯ ಇಂಚಿನದಾದರೆ ಮಾತ್ರ ಹೊರುವುದಕ್ಕೆ ಇನ್ನೊಬ್ಬನನ್ನು ಕರೆದುಕೊಂಡು ಬಾ ಎನ್ನಿ.